ದಾರಿ ಬೆಳೆಸಿದ ಕುದುರೆ

ಪ್ರತಿವರ್ಷ ನವೆಂಬರ್ 11ರಿಂದ ನಾಲ್ಕು ದಿನ ಹಿಮಾಚಲ ಪ್ರದೇಶದ ರಾಮಪುರದಲ್ಲಿ ಲವಿ ಜಾತ್ರೆ. ಸಟ್ಲೆಜ್ ನದಿಯ ದಂಡೆಯ ಮೇಲಿರುವ ಈ ಊರು ಒಂದು ಕಾಲಕ್ಕೆ ಬುಶಹರ್ ಸಂಸ್ಥಾನದ ರಾಜಧಾನಿಯಾಗಿತ್ತು. ಉಣ್ಣೆಯ ಶಾಲು, ಕಂಬಳಿ, ಒಣಹಣ್ಣು, ಚಿಲ್ಗೋಜಾ ಬೀಜ ಇವೇ ಜಾತ್ರೆಯ ಮುಖ್ಯ ಸರಕು. ಆದರೆ ಅಂಗಡಿ ಸಾಲು ಏಳುವುದಕ್ಕೂ ಮೊದಲು, ತಿಂಗಳ ಆರಂಭದಲ್ಲಿಯೇ, ಅದೇ ಊರಿನಲ್ಲಿ ಕುದುರೆಗಳ ಪ್ರದರ್ಶನ ಮತ್ತು ವ್ಯಾಪಾರ ನಡೆದುಹೋಗಿರುತ್ತದೆ. ಕೊಳ್ಳುವವರು ನೆರೆಯ ಉತ್ತರಾಖಂಡದಿಂದಲೂ ಬರುತ್ತಾರೆ.

ಬೆಂಗಳೂರಿನ ರೇಸ್‌ಕೋರ್ಸಿನಲ್ಲಿ ಓಡುವ ಕುದುರೆಗಳನ್ನು ಕಂಡವರಿಗೆ ಅಲ್ಲಿಗೆ ಬರುವ ಪ್ರಾಣಿಗಳು ಮೊದಲ ನೋಟಕ್ಕೆ ನಿರಾಸೆ ತಂದಾವು. ಬೆನ್ನಿನ ಎತ್ತರ ಸುಮಾರು ನಾಲ್ಕು ಅಡಿ. ಗಿಡ್ಡ ಕಾಲು, ದಪ್ಪ ಮೂಳೆ, ಹಣೆಯ ಮೇಲೆ ಕಣ್ಣು ಮುಚ್ಚುವಷ್ಟು ಜೂಲು, ಚಳಿಗಾಲದಲ್ಲಿ ಕರಡಿಯ ಹಾಗೆ ಮೈತುಂಬ ರೋಮ. ಹೆಚ್ಚಿನವು ಬೂದು ಬಣ್ಣದವು. ಕಂದು, ಕಪ್ಪು ಬಣ್ಣದವೂ ಉಂಟು. ನಮ್ಮ ಹಳೆಯ ಜಟಕಾ ಸಾಬರು ಇವನ್ನು ನೋಡಿದ್ದರೆ ‘ತಟ್ಟು’ ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತಿದ್ದರೇನೋ. ಆದರೆ ಹನ್ನೆರಡು ಸಾವಿರ ಅಡಿ ಎತ್ತರದಲ್ಲಿ, ಒಂದು ಮಗ್ಗುಲಲ್ಲಿ ಬಂಡೆ, ಇನ್ನೊಂದು ಮಗ್ಗುಲಲ್ಲಿ ಪ್ರಪಾತವಿರುವ ಮೊಳದಗಲದ ದಾರಿಯಲ್ಲಿ ಹೊರೆ ಹೊತ್ತು ನಡೆಯಬಲ್ಲದ್ದು ಈ ತಟ್ಟುವೇ ಹೊರತು ರೇಸಿನ ಕುದುರೆಯಲ್ಲ.

ಜನರ ಬಾಯಲ್ಲಿ ಇದರ ಹೆಸರು ಚಾಮುರ್ತಿ. ಸರ್ಕಾರಿ ಪಟ್ಟಿಯಲ್ಲಿ ‘ಸ್ಪಿತಿ’ ತಳಿ. ಚುಮುರ್ತಿ ಎಂಬುದು ಸ್ಪಿತಿ ಕಣಿವೆಗೆ ಹೊಂದಿಕೊಂಡಿರುವ ಪಶ್ಚಿಮ ಟಿಬೆಟಿನ ಒಂದು ಸೀಮೆ. ಅಲ್ಲಿಂದ ಬಂದ ಕುದುರೆಗೆ ಅದೇ ಹೆಸರು ಅಂಟಿಕೊಂಡಿತು. ಚಾಮುರ್ತಿ ಬೇರೆ, ಸ್ಪಿತಿ ಬೇರೆ ಎಂದು ವಾದಿಸುವವರಿದ್ದಾರೆ. ಒಂದೇ ತಳಿಯ ಎರಡು ಕವಲು ಎನ್ನುವವರೂ ಇದ್ದಾರೆ. ಗಡಿ ಎಂಬುದು ನಕ್ಷೆಯ ಮೇಲೆ ಬಲವಾಗಿ ಮೂಡುವ ಮೊದಲು ಕುದುರೆಗಳು ಎರಡೂ ಕಡೆ ಓಡಾಡಿಕೊಂಡಿದ್ದವು. ಆದ್ದರಿಂದ ಈ ಲೇಖನದಲ್ಲಿ ಆ ಜಗಳಕ್ಕೆ ಹೋಗುವುದಿಲ್ಲ.

ತೆಳುಗಾಳಿಯ ನಾಡು

ಸ್ಪಿತಿ ಎಂಬುದು ಹಿಮಾಲಯದ ಮುಖ್ಯ ಶ್ರೇಣಿಯ ಆಚೆಗಿರುವ ನಾಡು. ಮುಂಗಾರಿನ ಮೋಡಗಳನ್ನು ಬೆಟ್ಟಗಳೇ ತಡೆದುಬಿಡುವುದರಿಂದ ಅಲ್ಲಿ ಮಳೆ ಅಪರೂಪ. ಬರುವುದೆಲ್ಲ ಹಿಮವೇ. ಮುಖ್ಯ ಪಟ್ಟಣ ಕಾಜಾ ಇರುವುದು ಸುಮಾರು 3,650 ಮೀಟರ್ ಎತ್ತರದಲ್ಲಿ. ಹಳ್ಳಿಗಳು ಅದಕ್ಕಿಂತಲೂ ಮೇಲೆ. ಕಿಬ್ಬರ್ ಎಂಬ ಹಳ್ಳಿ 4,200 ಮೀಟರಿನ ಆಸುಪಾಸಿನಲ್ಲಿದೆ. ನಮ್ಮ ಮುಳ್ಳಯ್ಯನಗಿರಿಯ ನೆತ್ತಿಯ ಮೇಲೆ ಇನ್ನೊಂದು ಮುಳ್ಳಯ್ಯನಗಿರಿಯನ್ನು ಇಟ್ಟರೂ ಕಿಬ್ಬರಿನ ಮನೆಬಾಗಿಲಿಗೆ ಸ್ವಲ್ಪ ಕಡಿಮೆಯೇ ಆಗುತ್ತದೆ. ಬೆಳೆ ವರ್ಷಕ್ಕೆ ಒಂದೇ, ಅದೂ ಬಾರ್ಲಿ ಮತ್ತು ಬಟಾಣಿ. ಚಳಿಗಾಲದಲ್ಲಿ ಸೊನ್ನೆಗಿಂತ ಇಪ್ಪತ್ತು, ಮೂವತ್ತು ಡಿಗ್ರಿ ಕೆಳಗಿಳಿಯುವ ಚಳಿ.

ಅಷ್ಟು ಎತ್ತರದ ಗಾಳಿಯಲ್ಲಿ ಒಂದು ಉಸಿರಿಗೆ ದಕ್ಕುವ ಆಮ್ಲಜನಕ ಸಮುದ್ರ ಮಟ್ಟದಲ್ಲಿ ಸಿಗುವುದರ ಮೂರನೇ ಎರಡು ಪಾಲು ಮಾತ್ರ. ಬಯಲುಸೀಮೆಯ ಮನುಷ್ಯನಾಗಲಿ ಪ್ರಾಣಿಯಾಗಲಿ ಅಲ್ಲಿಗೆ ಹೋದರೆ ದೇಹ ಗಾಬರಿಬಿದ್ದು ಕೆಂಪು ರಕ್ತಕಣಗಳನ್ನು ಹೆಚ್ಚಿಸಿಕೊಳ್ಳುತ್ತದೆ. ರಕ್ತ ಮಂದವಾಗುತ್ತದೆ, ಅದನ್ನು ತಳ್ಳುವ ಹೃದಯಕ್ಕೆ ಹೊರೆ ಹೆಚ್ಚುತ್ತದೆ. ತಲೆಮಾರುಗಟ್ಟಲೆ ಅಲ್ಲೇ ಹುಟ್ಟಿ ಬೆಳೆದ ಜೀವಿಗಳು ಬೇರೆ ಉಪಾಯ ಕಂಡುಕೊಂಡಿವೆ. ಟಿಬೆಟಿನ ಕುದುರೆಗಳ ಬಗ್ಗೆ 2019ರಲ್ಲಿ ಪ್ರಕಟವಾದ ಒಂದು ಅಧ್ಯಯನ, ‘ಇಪಾಸ್-1’ ಎಂಬ ಜೀನಿನಲ್ಲಿ ಆಗಿರುವ ಬದಲಾವಣೆ ಅವುಗಳಿಗೆ ಎತ್ತರದ ನಾಡಿನಲ್ಲಿ ಬಾಳಲು ನೆರವಾಗಿದೆ ಎಂದು ತೋರಿಸಿತು. ಸ್ವಾರಸ್ಯವೆಂದರೆ, ಟಿಬೆಟಿನ ಜನರಲ್ಲಿಯೂ ಇದೇ ಜೀನಿನ ವಿಶೇಷವನ್ನು ವಿಜ್ಞಾನಿಗಳು ಅದಕ್ಕೆ ಮೊದಲೇ ಗುರುತಿಸಿದ್ದರು. ಸವಾರನಿಗೂ ಕುದುರೆಗೂ ಬೆಟ್ಟ ಒಂದೇ ಪಾಠವನ್ನು ಕಲಿಸಿತ್ತು ಎನ್ನಬಹುದು. ಅಧ್ಯಯನ ನಡೆದದ್ದು ಟಿಬೆಟಿನ ಕುದುರೆಗಳ ಮೇಲೆ, ಸ್ಪಿತಿಯವುಗಳ ಮೇಲಲ್ಲ. ಆದರೂ ಇವೆರಡರ ನಂಟು ಎಷ್ಟು ಹತ್ತಿರದ್ದೆಂಬುದನ್ನು ಚಾಮುರ್ತಿ ಎಂಬ ಹೆಸರೇ ಹೇಳುತ್ತದೆ.

ಇನ್ನು ನಡಿಗೆ. ದುಲಕಿ ನಡೆಯಲ್ಲಿ ಕುದುರೆ ಮುಂದಿನ ಬಲಗಾಲಿನೊಂದಿಗೆ ಹಿಂದಿನ ಎಡಗಾಲನ್ನು ಎತ್ತುತ್ತದೆ. ಮೇಲೆ ಕುಳಿತವನು ಕುಲುಕಾಡಿ ಹೋಗುತ್ತಾನೆ. ಚಾಮುರ್ತಿಗೆ ‘ರೇವಾಲ್’ ಎಂಬ ಇನ್ನೊಂದು ನಡೆ ಇದೆ. ಬಲಗಡೆಯ ಎರಡು ಕಾಲುಗಳು ಒಮ್ಮೆ, ಎಡಗಡೆಯ ಎರಡು ಕಾಲುಗಳು ಒಮ್ಮೆ. ದೋಣಿಯಲ್ಲಿ ಕೂತಂತೆ ಸವಾರ ಮೆಲ್ಲಗೆ ತೂಗುತ್ತಾನೆ, ಎಗರುವುದಿಲ್ಲ. ದಿನವಿಡೀ ಜೀನಿನ ಮೇಲೆ ಕೂರಬೇಕಾದವನಿಗೆ ಇದು ಎಷ್ಟು ದೊಡ್ಡ ಉಪಕಾರವೆಂದು ಬೇರೆ ಹೇಳಬೇಕಾಗಿಲ್ಲ. ಈ ನಡಿಗೆಯ ಕುದುರೆಗೆ ಒಳ್ಳೆಯ ಬೆಲೆ.

ಸ್ಪಿತಿಯೊಳಗೆ ಕುದುರೆ ಸಾಕಣೆಗೆ ಹೆಸರಾದದ್ದು ಪಿನ್ ಕಣಿವೆ. ಅಲ್ಲಿಂದ ಭಾಬಾ ಎಂಬ 4,800 ಮೀಟರಿಗೂ ಎತ್ತರದ ಕಣಿವೆದಾರಿಯನ್ನು ಹತ್ತಿ ಇಳಿದರೆ ಕಿನ್ನೌರ್. ಅಲ್ಲಿಂದ ಸಟ್ಲೆಜ್ ಗುಂಟ ಕೆಳಗಿಳಿದರೆ ರಾಮಪುರ.

ಕಾಗೆ ಬೆಳ್ಳಗಾಗುವವರೆಗೆ

ರಾಮಪುರದ ಲವಿಗೆ ಒಂದು ಹಳೆಯ ಕತೆಯಿದೆ. ಹದಿನೇಳನೆಯ ಶತಮಾನದ ಕೊನೆಯ ಭಾಗದಲ್ಲಿ ಲಡಾಖ್ ಮತ್ತು ಟಿಬೆಟಿನ ನಡುವೆ ಯುದ್ಧ ನಡೆಯಿತು. ಬುಶಹರಿನ ದೊರೆ ಕೇಹರಿ ಸಿಂಗ್ ಟಿಬೆಟಿನ ಪಕ್ಷ ವಹಿಸಿದ. ಇದಕ್ಕೆ ಪ್ರತಿಯಾಗಿ ಎರಡೂ ನಾಡುಗಳ ವ್ಯಾಪಾರಿಗಳು ತೆರಿಗೆಯ ಕಾಟವಿಲ್ಲದೆ ಓಡಾಡಬಹುದೆಂದು ಒಪ್ಪಂದವಾಯಿತಂತೆ. ಕೈಲಾಸದ ಹಿಮ ಕರಗುವವರೆಗೆ, ಮಾನಸ ಸರೋವರ ಬತ್ತುವವರೆಗೆ, ಕಪ್ಪು ಕಾಗೆ ಬೆಳ್ಳಗಾಗುವವರೆಗೆ ಇದು ನಡೆಯಬೇಕೆಂದು ಮಾತಾಯಿತು, ಸಾಕ್ಷಿಗೆ ಖಡ್ಗ ಮತ್ತು ಕುದುರೆಗಳ ವಿನಿಮಯವಾಯಿತು ಎಂಬುದು ಪ್ರತೀತಿ. ಎಲ್ಲವೂ ಹೀಗೆಯೇ ನಡೆಯಿತೆಂದು ಇತಿಹಾಸಕಾರರು ಕಡ್ಡಿ ಮುರಿದಂತೆ ಹೇಳಲಾರರು. ಆದರೆ ಇಂಥ ಕತೆಯಲ್ಲಿ ಒಪ್ಪಂದದ ಸಾಕ್ಷಿಯಾಗಿ ಚಿನ್ನ ಬರಲಿಲ್ಲ, ಕುದುರೆ ಬಂತು ಎಂಬುದು ಗಮನಿಸಬೇಕಾದ ಮಾತು.

ಟಿಬೆಟಿನಿಂದ ಉಪ್ಪು, ಬಿಳಿಗಾರ, ಉಣ್ಣೆ ಬರುತ್ತಿದ್ದವು. ಇತ್ತಲಿಂದ ಧಾನ್ಯ, ಬಟ್ಟೆ, ಕಬ್ಬಿಣದ ಸಾಮಾನು ಹೋಗುತ್ತಿದ್ದವು. ಸಾಗಿಸುವ ಪ್ರಾಣಿಗಳಲ್ಲಿ ಕುರಿ ಮೇಕೆಗಳೂ ಇದ್ದವು. ಬೆನ್ನಿಗೆ ಪುಟ್ಟ ಚೀಲ ಕಟ್ಟಿದ ನೂರಾರು ಕುರಿಗಳ ಮಂದೆ ಬೆಟ್ಟ ದಾಟುತ್ತಿತ್ತು. ಕುದುರೆಯ ಸ್ಥಾನ ಬೇರೆ. ಅದು ಹೊರೆಯನ್ನೂ ಹೊರುತ್ತಿತ್ತು, ಕೊನೆಗೆ ತಾನೇ ಸರಕಾಗಿ ಮಾರಾಟವೂ ಆಗುತ್ತಿತ್ತು.

ಪರ್ವತದ ಕುದುರೆಯನ್ನು ಬಯಲಿನವರು ಕೊಳ್ಳುವುದು ಹಿಮಾಲಯದ ಉದ್ದಕ್ಕೂ ಇದ್ದ ಪದ್ಧತಿ. ಪೂರ್ವದ ತುದಿಯ ಒಂದು ಉದಾಹರಣೆ ನೋಡಿ. ಬಖ್ತಿಯಾರ್ ಖಿಲ್ಜಿ ಬಂಗಾಳದಿಂದ ಟಿಬೆಟಿನ ಮೇಲೆ ದಂಡೆತ್ತಿ ಹೋಗಿ, 1206ರ ಹೊತ್ತಿಗೆ ಸೋತು ಸುಣ್ಣವಾಗಿ ಮರಳಿದ. ಆ ಕತೆಯನ್ನು ಬರೆದ ಮಿನ್ಹಾಜ್ ಎಂಬ ಇತಿಹಾಸಕಾರ, ಬೆಟ್ಟದ ಒಂದು ಪಟ್ಟಣದ ಸಂತೆಯಲ್ಲಿ ಪ್ರತಿದಿನ ಬೆಳಿಗ್ಗೆ ಸುಮಾರು 1,500 ಕುದುರೆಗಳು ಮಾರಾಟವಾಗುತ್ತಿದ್ದವೆಂದೂ ಬಂಗಾಳಕ್ಕೆ ಬರುವ ‘ಟಾಂಗನ್’ ಕುದುರೆಗಳೆಲ್ಲ ಅಲ್ಲಿಂದಲೇ ಬರುತ್ತಿದ್ದವೆಂದೂ ಹೇಳುತ್ತಾನೆ. ಸಂಖ್ಯೆಯನ್ನು ಚೂರು ಉಪ್ಪು ಹಚ್ಚಿ ಹೇಳಿರಬಹುದು. ಸೋತು ಬಂದವರ ಕತೆಗಳಲ್ಲಿ ಎದುರಾಳಿಯ ಐಶ್ವರ್ಯ ಸ್ವಲ್ಪ ಹೆಚ್ಚೇ ಇರುತ್ತದೆ. ಮುಂದೆ ಅಕ್ಬರನ ಕಾಲದಲ್ಲಿ ಅಬುಲ್ ಫಜಲ್ ಬರೆದ ‘ಐನ್-ಇ-ಅಕ್ಬರಿ’ ಕೂಡ ಉತ್ತರದ ಬೆಟ್ಟಗಳಲ್ಲಿ ಹುಟ್ಟುವ, ಗಿಡ್ಡವಾದರೂ ಗಟ್ಟಿಮುಟ್ಟಾದ ‘ಗುಂಠ್’ ಎಂಬ ಕುದುರೆಯನ್ನು ಹೆಸರಿಸುತ್ತದೆ.

ಗಿಡ್ಡ ಆದರೆ ಗಟ್ಟಿ. ಈ ವರ್ಣನೆ ಮುಂದಿನ ಮುನ್ನೂರು ವರ್ಷ ಬದಲಾಗಲಿಲ್ಲ. ಬದಲಾದದ್ದು, ಅದರಲ್ಲಿ ಯಾವ ಮಾತಿಗೆ ತೂಕ ಕೊಡಬೇಕೆಂಬುದು. ಈಸ್ಟ್ ಇಂಡಿಯಾ ಕಂಪನಿಯವರು ‘ಗಿಡ್ಡ’ ಎಂಬಲ್ಲಿಗೇ ನಿಂತರು.

ಎತ್ತರ ಹುಡುಕಿ ಹೋದವನು

ಇಲ್ಲಿ ವಿಲಿಯಂ ಮೂರ್‌ಕ್ರಾಫ್ಟ್ ಎಂಬ ವಿಚಿತ್ರ ಮನುಷ್ಯನ ಕತೆಯನ್ನು ಹೇಳಲೇಬೇಕು. ಫ್ರಾನ್ಸಿನ ಲಿಯೋನ್‌ನಲ್ಲಿ ಪಶುವೈದ್ಯ ಕಲಿತ ಈ ಇಂಗ್ಲಿಷಿನವನು 1808ರಲ್ಲಿ ಭಾರತಕ್ಕೆ ಬಂದ. ಬಿಹಾರದ ಪೂಸಾದಲ್ಲಿದ್ದ ಕಂಪನಿಯ ಕುದುರೆ ತಳಿ ಕೇಂದ್ರವನ್ನು ಸುಧಾರಿಸುವುದು ಅವನ ಕೆಲಸ. ಅಶ್ವದಳಕ್ಕೆ ಎತ್ತರದ, ಮೈಕಟ್ಟಿನ ಕುದುರೆಗಳು ಬೇಕಾಗಿದ್ದವು. ಅಂಥ ಬೀಜದ ಕುದುರೆಗಳು ಮಧ್ಯ ಏಷ್ಯಾದ ತುರ್ಕಮನ್ನರ ಬಳಿ ಸಿಗುತ್ತವೆಂದು ಅವನ ತಲೆಗೆ ಹೊಕ್ಕಿತು. ಮತ್ತೆ ಅದು ಇಳಿಯಲೇ ಇಲ್ಲ.

1812ರಲ್ಲಿ ಗೋಸಾಯಿ ವೇಷ ಹಾಕಿಕೊಂಡು ಹಿಮಾಲಯ ದಾಟಿ ಪಶ್ಚಿಮ ಟಿಬೆಟಿಗೆ ಹೋಗಿ ಮಾನಸ ಸರೋವರವನ್ನು ಕಂಡುಬಂದ. ಕುದುರೆ ಸಿಗಲಿಲ್ಲ. 1819ರಲ್ಲಿ ಮತ್ತೆ ಹೊರಟ. 1820ರಲ್ಲಿ ಕುಲ್ಲೂವಿನಿಂದ ರೋಹ್ತಾಂಗ್ ಹತ್ತಿ, ಸ್ಪಿತಿಯ ನೆರೆಯ ಲಾಹೌಲ್ ಹಾದು ಲೇಹ್ ಸೇರಿದ. ಅಲ್ಲಿ ಸುಮಾರು ಎರಡು ವರ್ಷ ಕಾದ. ಕೊನೆಗೆ ಕಾಶ್ಮೀರ, ಅಫ್ಘಾನಿಸ್ತಾನಗಳ ಮೂಲಕ 1825ರಲ್ಲಿ ಬುಖಾರಾ ಮುಟ್ಟಿದ. ಬಯಸಿದಂಥ ಕುದುರೆಗಳ ದೊಡ್ಡ ಹಿಂಡು ಆಗಲೂ ದಕ್ಕಲಿಲ್ಲ. ಹಿಂದಿರುಗುವಾಗ, ಅದೇ ವರ್ಷ ಆಗಸ್ಟ್‌ನಲ್ಲಿ, ಅಫ್ಘಾನಿಸ್ತಾನದ ಅಂದ್‌ಖೋಯ್ ಎಂಬಲ್ಲಿ ತೀರಿಕೊಂಡ.

ಅವನ ದಿಟ್ಟತನದ ಬಗ್ಗೆ ಎರಡು ಮಾತಿಲ್ಲ. ಆದರೆ ಇಡೀ ಪ್ರಯಾಣದಲ್ಲಿ, ಕುದುರೆಗಳ ವಿಷಯದಲ್ಲಿ ಅಂದಿನ ಭಾರತದಲ್ಲಿಯೇ ದೊಡ್ಡ ತಜ್ಞನೆನಿಸಿದ್ದ ಈ ಮನುಷ್ಯ, ಬೆಟ್ಟದ ಕುದುರೆಗಳ ನಾಡನ್ನು ಹಾದು ಬೇರೆ ಕುದುರೆಯನ್ನು ಹುಡುಕಿಕೊಂಡು ಹೋದ. ಅದು ಅವನ ತಪ್ಪೂ ಅಲ್ಲ. ಸೈನ್ಯದ ಅಳತೆಗೋಲು ಗೇಣುಗಳಲ್ಲಿತ್ತು, ನಾಲ್ಕು ಅಡಿಯ ಪ್ರಾಣಿ ಅದರ ಲೆಕ್ಕಕ್ಕೇ ಬರುತ್ತಿರಲಿಲ್ಲ. ಹೀಗಾಗಿ ಅರಬ್ಬಿ, ತುರ್ಕಮನ್, ಮುಂದೆ ಇಂಗ್ಲಿಷ್ ರೇಸ್ ಕುದುರೆಗಳಿಗೆ ವಂಶಾವಳಿಯ ಪುಸ್ತಕ, ಲಾಯ, ಸರ್ಕಾರಿ ದುಡ್ಡು ಎಲ್ಲ ಒದಗಿದವು. ಪರ್ವತದ ಕುದುರೆಗೆ ಯಾವ ಪುಸ್ತಕವೂ ಇರಲಿಲ್ಲ. ಅದನ್ನು ಕಾಯ್ದದ್ದು ದಾರಿ. ಕಾಲು ಜಾರಿದ್ದು ಪ್ರಪಾತಕ್ಕೆ ಹೋಯಿತು, ಉಸಿರು ಕಟ್ಟಿದ್ದು ಕಣಿವೆದಾರಿಯಲ್ಲಿ ಉಳಿಯಿತು, ಚಳಿಗಾಲದ ಒಣ ಹುಲ್ಲಿನಲ್ಲಿ ಬದುಕಿದ್ದು ಮರುವರ್ಷ ಮರಿ ಹಾಕಿತು. ಮೂರ್‌ಕ್ರಾಫ್ಟ್‌ನಂಥವರು ಪೂಸಾದಲ್ಲಿ ಪ್ರಯಾಸಪಟ್ಟು ಮಾಡುತ್ತಿದ್ದ ಆಯ್ಕೆಯನ್ನು ಇಲ್ಲಿ ಬೆಟ್ಟವೇ ಪುಕ್ಕಟೆಯಾಗಿ, ಕರುಣೆಯಿಲ್ಲದೆ ಮಾಡುತ್ತಿತ್ತು.

ಸ್ಪಿತಿ 1846ರ ನಂತರ ಬ್ರಿಟಿಷರ ಕೈಸೇರಿತು. ಆದರೂ ಅವರು ಅಲ್ಲಿ ಹೆಚ್ಚು ತಲೆಹಾಕದೆ ‘ನೋನೋ’ ಎಂಬ ಸ್ಥಳೀಯ ಮನೆತನದ ಮೂಲಕವೇ ಆಡಳಿತ ನಡೆಸಿದರು. ಕುದುರೆಯ ಬದುಕು ಹಿಂದಿನಂತೆಯೇ ಸಾಗಿತು.

1962

ಮುರಿದು ಬಿದ್ದದ್ದು ಆಮೇಲೆ. 1954ರಲ್ಲಿ ಭಾರತ ಮತ್ತು ಚೀನಾ ಟಿಬೆಟಿನ ವ್ಯಾಪಾರದ ಬಗ್ಗೆ ಒಪ್ಪಂದ ಮಾಡಿಕೊಂಡಾಗ, ವ್ಯಾಪಾರಿಗಳು ಯಾತ್ರಿಕರು ಬಳಸಬಹುದಾದ ಆರು ಕಣಿವೆದಾರಿಗಳನ್ನು ಹೆಸರಿಸಲಾಗಿತ್ತು. ಅವುಗಳಲ್ಲಿ ಕಿನ್ನೌರಿನ ಶಿಪ್ಕಿ ಲಾ ಒಂದು. ಒಪ್ಪಂದದ ಅವಧಿ ಎಂಟು ವರ್ಷ. 1962ರ ಜೂನ್‌ನಲ್ಲಿ ಅದು ಮುಗಿಯಿತು, ನವೀಕರಣವಾಗಲಿಲ್ಲ. ಅಕ್ಟೋಬರ್‌ನಲ್ಲಿ ಯುದ್ಧ. ಕೈಲಾಸದ ಹಿಮ ಕರಗಲಿಲ್ಲ, ಕಾಗೆ ಬೆಳ್ಳಗಾಗಲಿಲ್ಲ, ದಾರಿ ಮಾತ್ರ ಮುಚ್ಚಿತು.

ಇದರಿಂದ ಕುದುರೆಗೆ ಎರಡು ಪೆಟ್ಟು ಬಿತ್ತು. ಚುಮುರ್ತಿ ಸೀಮೆಯಿಂದ ಬರುತ್ತಿದ್ದ ಹೊಸ ರಕ್ತ ನಿಂತುಹೋಯಿತು. ಸ್ಪಿತಿ, ಕಿನ್ನೌರಿನ ಕುದುರೆಗಳು ತಮ್ಮೊಳಗೇ ಬೆಳೆಯಬೇಕಾಯಿತು. ಎರಡನೆಯದು, ಗಡಿಯಾಚೆಯ ದೂರ ವ್ಯಾಪಾರವೆಂಬ ಕಸುಬೇ ಇಲ್ಲವಾಯಿತು. ಯುದ್ಧದ ಬೆನ್ನಿಗೇ ಸೈನ್ಯದ ಅಗತ್ಯಕ್ಕಾಗಿ ರಸ್ತೆಗಳು ಬಂದವು. ಹಿಂದೂಸ್ತಾನ್-ಟಿಬೆಟ್ ರಸ್ತೆ ಎಂದು 1850ರಲ್ಲಿ ಡಾಲ್‌ಹೌಸಿಯ ಕಾಲದಲ್ಲಿ ಆರಂಭವಾದದ್ದು ಕುದುರೆ, ಹೇಸರಗತ್ತೆಗಳು ನಡೆಯುವ ದಾರಿ. ಅದರ ಗುಂಟ ಲಾರಿಗಳು ಓಡಾಡುವಂಥ ರಸ್ತೆಯಾಯಿತು. ಒಂದು ಲಾರಿ ಒಂದು ದಿನದಲ್ಲಿ ಹೊತ್ತೊಯ್ಯುವ ಗೋಧಿಯನ್ನು ಸಾಗಿಸಲು ಎಷ್ಟು ಕುದುರೆ, ಎಷ್ಟು ದಿನ ಬೇಕು ಎಂದು ಲೆಕ್ಕ ಹಾಕಿದರೆ ಮುಂದಿನ ಕತೆ ತಾನಾಗಿಯೇ ತಿಳಿಯುತ್ತದೆ.

ರಸ್ತೆ ಬಂದದ್ದನ್ನು ದೂರುವ ಹಕ್ಕು ನಮಗಿಲ್ಲ. ಹೆರಿಗೆಯ ನೋವಿನಲ್ಲಿರುವ ಹೆಂಗಸನ್ನು ಕುದುರೆಯ ಮೇಲೆ ಕೂರಿಸಿಕೊಂಡು ಹಿಮದ ದಾರಿಯಲ್ಲಿ ಎರಡು ದಿನ ನಡೆಯುವುದು ಯಾರಿಗೂ ಬೇಡ. 2020ರ ಅಕ್ಟೋಬರ್‌ನಲ್ಲಿ ರೋಹ್ತಾಂಗ್ ಕೆಳಗೆ ಒಂಬತ್ತು ಕಿಲೋಮೀಟರ್ ಉದ್ದದ ಅಟಲ್ ಸುರಂಗ ತೆರೆದಾಗ ಲಾಹೌಲಿನ ಜನ ಸಂಭ್ರಮಿಸಿದ್ದು ಸಹಜವೇ. ಪ್ರಶ್ನೆ ಇರುವುದು ಇಷ್ಟೇ: ಕೆಲಸ ಕಳೆದುಕೊಂಡ ಪ್ರಾಣಿಗೆ ಚಳಿಗಾಲದ ಆರು ತಿಂಗಳು ಮೇವು ಹಾಕುವವರಾರು?

ಇಂಥ ಗತಿ ಕನ್ನಡನಾಡಿಗೆ ಹೊಸದಲ್ಲ. ಮೈಸೂರು ಅರಸರ ಕಾಲದಿಂದ ಸೈನ್ಯದ ಸಾಮಾನು ಎಳೆಯಲೆಂದೇ ಬೆಳೆಸಿದ ಅಮೃತಮಹಲ್ ರಾಸುಗಳು, ಯುದ್ಧದ ರೀತಿಯೂ ಸಾಗಣೆಯ ರೀತಿಯೂ ಬದಲಾದ ಮೇಲೆ ಅಜ್ಜಂಪುರದ ಸರ್ಕಾರಿ ಕೇಂದ್ರವನ್ನೂ ಉಳಿದ ಕಾವಲುಗಳನ್ನೂ ನೆಚ್ಚಿಕೊಳ್ಳಬೇಕಾಯಿತು. ಅಮೃತಮಹಲಿಗಾದರೂ ದೊರೆಗಳ ಹೆಸರಿನ ಬೆಂಬಲವಿತ್ತು. ಚಾಮುರ್ತಿಗೆ ಅದೂ ಇರಲಿಲ್ಲ.

ಹೇಸರಗತ್ತೆಯ ಲೆಕ್ಕ

ರಸ್ತೆ ತಲುಪದ ಕಡೆ ಹೊರೆ ಹೊರುವ ಕೆಲಸ ಇನ್ನೂ ಇದೆಯಲ್ಲ ಎನ್ನಬಹುದು. ಇದೆ. ಸೈನ್ಯದ ಠಾಣೆಗಳಿಗೆ, ಬೆಟ್ಟದ ಮೇಲಿನ ಕಟ್ಟಡದ ಕೆಲಸಗಳಿಗೆ, ಯಾತ್ರಾಸ್ಥಳಗಳಿಗೆ ಪ್ರಾಣಿಗಳು ಬೇಕು. ಆದರೆ ಅಲ್ಲೆಲ್ಲ ಹೆಚ್ಚು ಬೇಡಿಕೆ ಇರುವುದು ಹೇಸರಗತ್ತೆಗೆ. ಗಂಡು ಕತ್ತೆ ಮತ್ತು ಹೆಣ್ಣು ಕುದುರೆಗೆ ಹುಟ್ಟುವ ಈ ಪ್ರಾಣಿ ಹೆಚ್ಚು ಹೊರೆ ಹೊರುತ್ತದೆ, ಸಿಕ್ಕಿದ್ದನ್ನು ತಿಂದು ಬದುಕುತ್ತದೆ, ಒಳ್ಳೆಯ ಬೆಲೆಯನ್ನೂ ತರುತ್ತದೆ. ತೊಡಕೆಂದರೆ ಅದಕ್ಕೆ ಮರಿಯಾಗುವುದಿಲ್ಲ. ಕುದುರೆಗೆ 64 ವರ್ಣತಂತುಗಳು, ಕತ್ತೆಗೆ 62. ನಡುವೆ 63 ಹೊತ್ತು ಹುಟ್ಟಿದ ಹೇಸರಗತ್ತೆಯ ವಂಶ ಅಲ್ಲಿಗೇ ಮುಗಿಯುತ್ತದೆ. ಕುದುರೆ ಹನ್ನೊಂದು ತಿಂಗಳು ಗರ್ಭ ಹೊರುತ್ತದೆ, ಒಮ್ಮೆಗೆ ಒಂದೇ ಮರಿ. ಒಂದು ಹೆಣ್ಣು ಕುದುರೆ ತನ್ನ ಒಳ್ಳೆಯ ವರ್ಷಗಳನ್ನು ಹೇಸರಗತ್ತೆ ಹೆರುವುದರಲ್ಲಿ ಕಳೆದರೆ, ಮಾಲೀಕನ ಜೇಬು ತುಂಬುತ್ತದೆ, ತಳಿಗೆ ಒಂದು ಮರಿಯೂ ಸೇರುವುದಿಲ್ಲ.

ಇದರ ಜೊತೆಗೆ ಊರುಮೇಲಿನ ಮಿಶ್ರ ಕುದುರೆಗಳೊಂದಿಗೆ ಆಗುವ ಕೂಡಿಕೆ. ಬೆರಕೆಯಿಂದ ಮರಿ ಎರಡು ಬೆರಳು ಎತ್ತರವಾದೀತು. ಆದರೆ ಹಿಮದ ಹೊತ್ತಿನಲ್ಲಿ ಒಣ ಹುಲ್ಲು ತಿಂದು ಬದುಕುವ ಗುಣ, ತೆಳುಗಾಳಿಯಲ್ಲಿ ಉಸಿರಾಡುವ ಗುಣ ಮುಂದಿನ ತಲೆಮಾರುಗಳಲ್ಲಿ ಎಷ್ಟರಮಟ್ಟಿಗೆ ಉಳಿಯುತ್ತದೆ ಎಂಬ ಖಾತ್ರಿಯಿಲ್ಲ.

ದೇಶದ ಒಟ್ಟು ಚಿತ್ರವೂ ಹಿತವಾಗಿಲ್ಲ. 2012ರ ಜಾನುವಾರು ಗಣತಿಯಲ್ಲಿ ಕುದುರೆ ಮತ್ತು ತಟ್ಟುಗಳ ಸಂಖ್ಯೆ ಸುಮಾರು ಆರೂಕಾಲು ಲಕ್ಷ. 2019ರಲ್ಲಿ ಅದು 3.4 ಲಕ್ಷಕ್ಕೆ ಇಳಿಯಿತು. ಏಳು ವರ್ಷದಲ್ಲಿ ಶೇಕಡ 45ಕ್ಕೂ ಹೆಚ್ಚು ಇಳಿತ! ಗಾಡಿಗೆ ಕುದುರೆ ಹೂಡುವ ಕಾಲ ಮುಗಿದದ್ದೇ ಇದಕ್ಕೆ ದೊಡ್ಡ ಕಾರಣ.

ಲಾರಿಯ ಲಾಯ

ಹಿಮಾಚಲ ಸರ್ಕಾರ ಎಚ್ಚೆತ್ತು 2002ರಲ್ಲಿ ಸ್ಪಿತಿಯ ಲಾರಿ ಎಂಬ ಹಳ್ಳಿಯಲ್ಲಿ ಚಾಮುರ್ತಿ ತಳಿ ಕೇಂದ್ರವನ್ನು ತೆರೆಯಿತು. (ಊರಿನ ಹೆಸರಿಗೂ ಕುದುರೆಯ ಕೆಲಸ ಕಸಿದ ವಾಹನಕ್ಕೂ ಕನ್ನಡದಲ್ಲಿ ಒಂದೇ ಶಬ್ದವಾದದ್ದು ಬರೀ ಕಾಕತಾಳೀಯ.) ಸಾವಿರ ವರ್ಷ ಹಳೆಯ ಬೌದ್ಧ ವಿಹಾರವಿರುವ ತಾಬೋಗೆ ಹತ್ತಿರದ ಊರು ಅದು. ಕೇಂದ್ರದ ಎತ್ತರ ಸುಮಾರು ಹತ್ತು ಸಾವಿರ ಅಡಿ. 2020ರಲ್ಲಿ ಸರ್ಕಾರ ಕೊಟ್ಟ ಲೆಕ್ಕದ ಪ್ರಕಾರ ಅಲ್ಲಿದ್ದ ಕುದುರೆಗಳು 67: ಗಂಡು 23, ಹೆಣ್ಣು 44. ರಾಜ್ಯದಲ್ಲಿ ಈ ತಳಿಯ ಒಟ್ಟು ಸಂಖ್ಯೆ ನಾಲ್ಕು ಸಾವಿರದ ಹತ್ತಿರಕ್ಕೆ ಬಂದಿದೆ ಎಂದೂ ಸರ್ಕಾರ ಆಗ ಹೇಳಿಕೊಂಡಿತು. ಕೇಂದ್ರದಲ್ಲಿ ಹುಟ್ಟಿದ ಪ್ರಾಣಿಗಳನ್ನು ಸಾಕುವವರಿಗೆ ಮಾರುವ ಏರ್ಪಾಡಿದೆ.

ನೆರೆಯ ಲಡಾಖಿನಲ್ಲಿ ಇದೇ ಬಗೆಯ ಝನ್‌ಸ್ಕರಿ ಕುದುರೆಗಾಗಿ ಪದುಮ್ ಎಂಬಲ್ಲಿ 1977ರಲ್ಲೇ ಕೇಂದ್ರ ಆರಂಭವಾಗಿತ್ತು. ಹರಿಯಾಣದ ಹಿಸಾರ್‌ನಲ್ಲಿ ಕುದುರೆಗಳಿಗೆಂದೇ ರಾಷ್ಟ್ರೀಯ ಸಂಶೋಧನಾ ಕೇಂದ್ರವಿದೆ. ಕರ್ನಾಲ್‌ನಲ್ಲಿ ದೇಶಿ ಜಾನುವಾರು ತಳಿಗಳನ್ನು ನೋಂದಾಯಿಸುವ ಸಂಸ್ಥೆ ಇದೆ. ಅದರ ಪಟ್ಟಿಯಲ್ಲಿ ಕಾಠಿಯಾವಾಡಿ, ಮಾರ್ವಾಡಿ, ಮಣಿಪುರಿ, ಭೂಟಿಯಾ, ಝನ್‌ಸ್ಕರಿಗಳ ಜೊತೆ ಸ್ಪಿತಿಯೂ ಸೇರಿದೆ. ಮೂರ್‌ಕ್ರಾಫ್ಟ್‌ನ ಕಾಲದಲ್ಲಿ ಯಾವ ಪುಸ್ತಕದಲ್ಲೂ ಜಾಗ ಪಡೆಯದಿದ್ದ ಕುದುರೆ ಕೊನೆಗೂ ದಫ್ತರು ಸೇರಿತು.

ಇಷ್ಟಕ್ಕೇ ಸಮಾಧಾನಪಡಬಹುದೇ? 67 ಕುದುರೆಗಳ ಹಿಂಡು ತೀರಾ ಚಿಕ್ಕದು. ಅಂಥ ಹಿಂಡಿನಲ್ಲಿ ಅದೇ ಕೆಲವು ಗಂಡು ಕುದುರೆಗಳನ್ನು ಮತ್ತೆ ಮತ್ತೆ ಬಳಸಿದರೆ ಕೆಲವೇ ತಲೆಮಾರುಗಳಲ್ಲಿ ದಾಯಾದಿ ಸಂಬಂಧಗಳು ಹೆಚ್ಚುತ್ತವೆ. ಹಳ್ಳಿಯ ಹಿಂಡುಗಳಿಂದ ಹೊಸ ರಕ್ತ ಬರುತ್ತಲೇ ಇರಬೇಕು. ಹಾಗಾಗಬೇಕಾದರೆ ಹಳ್ಳಿಯಲ್ಲಿ ಕುದುರೆ ಇರಬೇಕು. ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಲಾಯದಲ್ಲಿ ಹುಟ್ಟಿ, ಹೊತ್ತಿಗೆ ಸರಿಯಾಗಿ ಮೇವು ತಿಂದು ಬೆಳೆದ ಕುದುರೆಯನ್ನು ಯಾರೂ ಕಣಿವೆದಾರಿಯ ಪರೀಕ್ಷೆಗೆ ಒಡ್ಡುವುದಿಲ್ಲ. ದಾರಿ ಮಾಡುತ್ತಿದ್ದ ಆಯ್ಕೆಯನ್ನು ಈಗ ಅಧಿಕಾರಿಗಳು ಮಾಡಬೇಕು. ಅಳತೆಪಟ್ಟಿಗೆ ಬಣ್ಣ, ಎತ್ತರ, ಉದ್ದ ಸಿಗುತ್ತವೆ. ಹೆಜ್ಜೆಯ ಖಚಿತತೆ, ಉಸಿರಿನ ಹಿಡಿತ ಅಷ್ಟು ಸುಲಭವಾಗಿ ಸಿಗುವುದಿಲ್ಲ.

ಹಾಗಾಗಿ ಕೇಂದ್ರವೊಂದು ಅಗತ್ಯವಾದ ತಿಜೋರಿ ಎಂದು ಒಪ್ಪಿಕೊಂಡೂ, ಕುದುರೆ ನಿಜವಾಗಿ ಉಳಿಯುವುದು ಸಾಕುವವನಿಗೆ ಅದರಿಂದ ದುಡಿಮೆ ದೊರೆತರೆ ಮಾತ್ರ ಎಂದು ಈ ಲೇಖಕನಿಗೆ ಅನ್ನಿಸುತ್ತದೆ. 1992ರ ನಂತರ ಸ್ಪಿತಿಗೆ ಹೊರನಾಡಿನ ಪ್ರವಾಸಿಗರು ಬರಲು ಅನುಮತಿ ದೊರೆತು ಚಾರಣಿಗರ ಸಾಮಾನು ಹೊರುವ ಕೆಲಸ ಹುಟ್ಟಿಕೊಂಡಿತು. ಪಿನ್-ಭಾಬಾದಂಥ ಹಳೆಯ ವ್ಯಾಪಾರದ ದಾರಿಗಳೇ ಈಗ ಚಾರಣದ ದಾರಿಗಳು. ಆದರೆ ಆ ದುಡಿಮೆ ಬೇಸಿಗೆಯ ಕೆಲವು ತಿಂಗಳದ್ದು. ಚಳಿಗಾಲದ ಮೇವಿನ ಖರ್ಚು ಅದರಲ್ಲೇ ಹುಟ್ಟಬೇಕು.

ಇನ್ನೊಬ್ಬ ಅರ್ಜಿದಾರ

ಕಣಿವೆಯಲ್ಲಿ ಕುದುರೆಯ ಮೇಲೆ ಕಣ್ಣಿಟ್ಟಿರುವ ಇನ್ನೊಂದು ಜೀವಿಯೂ ಇದೆ. ಅದು ಹಿಮಚಿರತೆ. ಕುರಿ ಮೇಕೆಗಳನ್ನು ಸಂಜೆ ಕೊಟ್ಟಿಗೆಗೆ ತರುತ್ತಾರೆ. ಕುದುರೆ ಮತ್ತು ಯಾಕ್‌ಗಳನ್ನು ಎತ್ತರದ ಹುಲ್ಲುಗಾವಲಿನಲ್ಲಿ ಕಾವಲಿಲ್ಲದೆ ಬಿಟ್ಟುಬಿಡುವುದು ವಾಡಿಕೆ. ಮರಿಗಳು ಹಿಮಚಿರತೆಗೂ ತೋಳಕ್ಕೂ ಸುಲಭದ ತುತ್ತು. ಕಿಬ್ಬರ್ ಸುತ್ತಲಿನ ಹಳ್ಳಿಗಳಲ್ಲಿ ಚಾರುದತ್ತ ಮಿಶ್ರಾ ಅವರು ನಡೆಸಿ 1997ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಂದು ಕುಟುಂಬ ವರ್ಷಕ್ಕೆ ಸರಾಸರಿ 1.6 ಜಾನುವಾರುಗಳನ್ನು ಕಾಡುಪ್ರಾಣಿಗಳಿಗೆ ಕಳೆದುಕೊಳ್ಳುತ್ತಿತ್ತು. ಸರ್ಕಾರದ ಪರಿಹಾರ ನಷ್ಟದ ಸಣ್ಣ ಪಾಲಿಗೂ ಸಾಲುತ್ತಿರಲಿಲ್ಲ.

ಇಲ್ಲಿ ಕರ್ನಾಟಕದ ನಂಟೊಂದು ಬರುತ್ತದೆ. ಮಿಶ್ರಾ ಮತ್ತು ಗೆಳೆಯರು 1996ರಲ್ಲಿ ಕಟ್ಟಿದ ನೇಚರ್ ಕನ್ಸರ್ವೇಷನ್ ಫೌಂಡೇಷನ್‌ನ ನೆಲೆ ಮೈಸೂರು. ಅವರ ನೆರವಿನಿಂದ ಕಿಬ್ಬರ್‌ನವರು ತಮ್ಮ ಹುಲ್ಲುಗಾವಲಿನ ಒಂದು ಭಾಗವನ್ನು ದನ ಮೇಯಿಸದೆ ಕಾಡುಪ್ರಾಣಿಗಳಿಗೆ ಬಿಟ್ಟರು. 2002ರಲ್ಲಿ ಹಳ್ಳಿಯವರೇ ಕಂತು ಕಟ್ಟಿ ನಡೆಸುವ ಜಾನುವಾರು ವಿಮೆಯೂ ಆರಂಭವಾಯಿತು. ಲಾರಿಯ ಕುದುರೆ ಕೇಂದ್ರ ತೆರೆದದ್ದೂ ಅದೇ ವರ್ಷ. ಒಂದೇ ಕಣಿವೆಯಲ್ಲಿ ಒಬ್ಬರು ಕುದುರೆಯನ್ನು ಉಳಿಸಲು ಹೊರಟಿದ್ದರು, ಇನ್ನೊಬ್ಬರು ಕುದುರೆಮರಿಯನ್ನು ತಿನ್ನುವ ಪ್ರಾಣಿಯನ್ನು ಉಳಿಸಲು. ಪತ್ರಿಕೆಯಲ್ಲಿ ಇವೆರಡೂ ಪ್ರತ್ಯೇಕ ಸುದ್ದಿಗಳಾಗಿ ಬರುತ್ತವೆ. ಮರಿ ಕಳೆದುಕೊಂಡವನ ಮನೆಯಲ್ಲಿ ಮಾತ್ರ ಅವು ಒಂದೇ ಸುದ್ದಿ. ಹನ್ನೊಂದು ತಿಂಗಳು ಕಾದು ಪಡೆದ ಮರಿ ಒಂದು ರಾತ್ರಿಯಲ್ಲಿ ಹೋದರೆ, ಮರುವರ್ಷ ಅವನು ಕುದುರೆಯನ್ನೇ ಮಾರಿ ಹಳೆಯ ಜೀಪೊಂದನ್ನು ಕೊಂಡರೆ ಅವನನ್ನು ತಪ್ಪಿತಸ್ಥನೆನ್ನಲು ಬರುವುದಿಲ್ಲ. ಪರಿಹಾರವಾಗಲಿ ವಿಮೆಯಾಗಲಿ ಕುದುರೆಯ ನಿಜವಾದ ಬೆಲೆಗೆ ಹತ್ತಿರ ಬರಬೇಕೆಂಬುದು ಇದಕ್ಕಾಗಿಯೇ.

ದಾರಿಯ ವಿಷಯಕ್ಕೆ ಮರಳುವುದಾದರೆ, ಶಿಪ್ಕಿ ಲಾ ಮತ್ತೆ ತೆರೆದದ್ದು 1994ರಲ್ಲಿ. ಟಿಬೆಟಿನಿಂದ ತರಬಹುದಾದ ಸರಕುಗಳ ಸರ್ಕಾರಿ ಪಟ್ಟಿಯಲ್ಲಿ ಉಣ್ಣೆ, ಉಪ್ಪು, ಬಿಳಿಗಾರ, ಬೆಣ್ಣೆಗಳ ಸಾಲಿನಲ್ಲಿ ಕುದುರೆಯ ಹೆಸರೂ ಇತ್ತು. 2020ರಲ್ಲಿ ಕೊರೊನಾ ಮತ್ತು ಗಡಿಯ ಘರ್ಷಣೆಯ ನಡುವೆ ಆ ವ್ಯಾಪಾರ ಮತ್ತೊಮ್ಮೆ ನಿಂತಿತು. 2025ರ ಆಗಸ್ಟ್‌ನಲ್ಲಿ ಶಿಪ್ಕಿ ಲಾ ಸೇರಿದಂತೆ ಮೂರು ಕಣಿವೆದಾರಿಗಳ ಮೂಲಕ ಗಡಿ ವ್ಯಾಪಾರವನ್ನು ಪುನರಾರಂಭಿಸಲು ಎರಡೂ ದೇಶಗಳು ಒಪ್ಪಿದವು. ಈಗ ಗಡಿಯ ಹತ್ತಿರದವರೆಗೆ ಮೋಟಾರು ರಸ್ತೆ ಹೋಗಿದೆ. ಸರಕು ಹೊರಲು ಕುದುರೆ ಬೇಕಾಗಲಿಕ್ಕಿಲ್ಲ. ಸರಕಾಗಿ ಕುದುರೆ ಬಂದರೆ, ಆರು ದಶಕಗಳಿಂದ ಹೆಚ್ಚುಕಡಿಮೆ ಬೇರೆಯಾಗಿಯೇ ಬೆಳೆದ ಎರಡು ಕವಲುಗಳು ಮತ್ತೆ ಕೂಡಲು ದಾರಿಯಾದೀತು.

ರಾಮಪುರದಲ್ಲಂತೂ ನವೆಂಬರ್ ಮೊದಲ ವಾರದ ವ್ಯಾಪಾರ ನಿಂತಿಲ್ಲ. ಕೊಳ್ಳುವವರು ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾರೆ, ಗೊರಸು ಎತ್ತಿ ನೋಡುತ್ತಾರೆ, ಸ್ವಲ್ಪ ದೂರ ನಡೆಸಿ ರೇವಾಲ್ ಇದೆಯೇ ಎಂದು ಪರೀಕ್ಷಿಸುತ್ತಾರೆ. ವ್ಯಾಪಾರ ಕುದುರಿದರೆ ಹಗ್ಗ ಕೈ ಬದಲಾಗುತ್ತದೆ. ಮುಂದಿನ ವಾರ ಊರಿನಲ್ಲಿ ಶಾಲಿನ ಅಂಗಡಿಗಳು ಏಳುತ್ತವೆ.